ರಸ್ತೆಯಲ್ಲಿ ಬಿದ್ದ ಒಂದು ಕಾರ್ಡು

ಜರ್ಮನಿಗೆ ಹೋಗಿ ಬರೋದು ಈಗ ದೊಡ್ಡ ಮಾತೇನಲ್ಲ. ಇಂಜಿನಿಯರುಗಳು ಹೋಗ್ತಾರೆ, ನರ್ಸುಗಳು ಹೋಗ್ತಾರೆ, ಸಾಲ ಮಾಡಿ ಓದೋಕೆ ಹೋಗುವ ಹುಡುಗರಂತೂ ಬೇಕಾದಷ್ಟು. ಆದರೆ ಇಪ್ಪತ್ತರ ಹುಡುಗನೊಬ್ಬ ಮನೆಯಲ್ಲಿ ನಿಂತು, "ಒಂದು ವರ್ಷ ಜರ್ಮನಿಗೆ ಹೋಗ್ತೀನಿ, ವೃದ್ಧಾಶ್ರಮದಲ್ಲಿ ಕೆಲಸ, ಸಂಬಳ ಇಲ್ಲ" ಎಂದರೆ? ಅಪ್ಪ ಗಲ್ಲಾಪೆಟ್ಟಿಗೆಯಿಂದ ಕತ್ತೆತ್ತಿ ನೋಡುತ್ತಾನೆ. ಹುಡುಗಿಯಾದರೆ ಮಾತು ಅಲ್ಲಿಗೇ ಮುಗಿಯಿತು. ಇನ್ನು ಅಜ್ಜಿ ಇದ್ದರೆ ಕೇಳೋದು ಒಂದೇ: "ಮನೇಲಿರೋ ಮುದುಕಿಗೆ ಒಂದು ಲೋಟ ನೀರು ಕೊಡದವನು ಅಲ್ಲಿ ಹೋಗಿ ಯಾರಿಗೆ ಕೊಡ್ತಾನೆ?"

ಅಜ್ಜಿಯ ಪ್ರಶ್ನೆಯಲ್ಲಿ ತಿರುಳಿದೆ. ಅದಕ್ಕೆ ಆಮೇಲೆ ಬರೋಣ. ಮೊದಲು ಇದೇನು ವ್ಯವಹಾರ ಎಂದು ನೋಡಬೇಕು.

ಜರ್ಮನ್ ಸರ್ಕಾರ 2008ರಲ್ಲಿ "ವೆಲ್ಟ್‌ವೆರ್ಟ್ಸ್" ಎಂಬ ಯೋಜನೆ ತಂದಿತು. 18ರಿಂದ 28 ವಯಸ್ಸಿನ ಅಲ್ಲಿಯ ಹುಡುಗ ಹುಡುಗಿಯರು 6 ತಿಂಗಳಿಂದ 2 ವರ್ಷದವರೆಗೆ ಬಡ ದೇಶಗಳಲ್ಲಿ ಸ್ವಯಂಸೇವಕರಾಗಿ ಇದ್ದು ಬರುವ ಯೋಜನೆ ಅದು. ಕರ್ನಾಟಕಕ್ಕೂ ಹಾಗೆ ಬಂದವರಿದ್ದಾರೆ. ಯಾವಾಗಲೂ ಅವರೇ ಬರೋದು, ನಾವೇ ಬರಮಾಡಿಕೊಳ್ಳೋದು, ಇದ್ಯಾವ ನ್ಯಾಯ ಎಂಬ ಮಾತು ಎದ್ದಿತು. 2013ರಿಂದ ಎದುರು ದಾರಿಯೂ ತೆರೆಯಿತು. ಭಾರತದ ಹುಡುಗರೂ ಅಲ್ಲಿಗೆ ಹೋಗಿ ಶಿಶುವಿಹಾರ, ವೃದ್ಧಾಶ್ರಮ, ಅಂಗವಿಕಲರ ಮನೆಗಳಲ್ಲಿ ವರ್ಷ ಕಳೆಯತೊಡಗಿದರು.

ಇದು ಬರೀ ಧರ್ಮದ ಕೆಲಸ ಎಂದು ಯಾರೂ ತಿಳಿಯಬೇಕಾಗಿಲ್ಲ. ಜರ್ಮನಿಯಲ್ಲಿ 2011ರವರೆಗೆ ಗಂಡುಹುಡುಗರಿಗೆ ಕಡ್ಡಾಯ ಸೈನ್ಯಸೇವೆ ಇತ್ತು. ಬಂದೂಕು ಮುಟ್ಟೋದಿಲ್ಲ ಎಂದವರು ಅದರ ಬದಲು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯಬೇಕಿತ್ತು. ಆ ಕಡ್ಡಾಯ ನಿಂತಿತು. ನಿಂತ ಕೂಡಲೇ ಮುದುಕರ ಗಾಲಿಕುರ್ಚಿ ತಳ್ಳುತ್ತಿದ್ದ ಕೈಗಳೂ ನಿಂತವು. ಆ ಜಾಗ ತುಂಬಲು 2011ರ ಜುಲೈ 1ರಿಂದ ಹೊಸ ಸ್ವಯಂಸೇವಾ ಕಾನೂನು ಬಂತು. ಅದರ ಜರ್ಮನ್ ಹೆಸರು ಹೇಳಬೇಕಾದರೆ ಎರಡು ಸಲ ಉಸಿರು ತಗೋಬೇಕು, ಬಿಡಿ. ಹೊರದೇಶದವರೂ ಈ ಬಾಗಿಲಿನಿಂದಲೇ ಒಳಗೆ ಹೋಗೋದು. ಇರೋಕೆ ಕೋಣೆ, ಊಟ ಇಲ್ಲವೇ ಊಟದ ದುಡ್ಡು, ವಿಮೆ, ಕೈಖರ್ಚಿಗೆ ತಿಂಗಳಿಗಿಷ್ಟು ಎಂದು ಹಣ, ವರ್ಷದಲ್ಲಿ 25 ದಿನ ಪಾಠ. ಸಂಬಳದ ನೌಕರನನ್ನು ತೆಗೆದು ಆ ಜಾಗಕ್ಕೆ ಇವರನ್ನು ಹಾಕುವಂತಿಲ್ಲ ಎಂದು ನಿಯಮ ಹೇಳುತ್ತೆ. ಕೆಲಸದವರೇ ಸಿಗದ ಕಡೆ ನಿಯಮ ಎಷ್ಟು ನಡೆಯುತ್ತೆ ಎಂಬುದನ್ನು ಅಂಗಡಿ ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹುಡುಗ ಹೋಗಿ ಇಳಿದ ಎನ್ನಿ. ಡಿಸೆಂಬರಿನಲ್ಲಿ ಸಾಯಂಕಾಲ ನಾಲ್ಕು ಗಂಟೆ ಸುಮಾರಿಗೆಲ್ಲ ಕತ್ತಲೆ. ಭಾನುವಾರ ಅಂಗಡಿ ಮುಚ್ಚಿರಬೇಕೆಂದು ಕಾನೂನೇ ಇದೆ. ಶನಿವಾರ ಸಾಮಾನು ತರೋದು ಮರೆತವನಿಗೆ ನಮ್ಮ ಬೀದಿ ಕೊನೆಯ ಶೆಟ್ಟರ ಅಂಗಡಿ ನೆನಪಾಗಿ ಕಣ್ಣಲ್ಲಿ ನೀರು ಬರಬೇಕು. ಬೆಂಗಳೂರಿನಲ್ಲಿ ಕಲಿತ ಜರ್ಮನ್ ಪುಸ್ತಕದ್ದು. ಅಲ್ಲಿಯ ಮುದುಕಿ ಆಡೋದು ಅವಳ ಊರಿನ ಮಾತು, ಅದೂ ಹಲ್ಲಿನ ಸೆಟ್ಟು ತೆಗೆದಿಟ್ಟು. ಏನು ಕೇಳಿದಳೋ ತಿಳಿಯದೆ ಇವನು ತಲೆ ಆಡಿಸುತ್ತಾನೆ. ಕಸ ಎಷ್ಟು ಡಬ್ಬಿಗೆ ಹಂಚಿ ಹಾಕಬೇಕು, ಖಾಲಿ ಬಾಟಲಿ ಎಲ್ಲಿ ವಾಪಸು ಕೊಟ್ಟರೆ ದುಡ್ಡು ಬರುತ್ತೆ, ವಿಳಾಸ ನೋಂದಾಯಿಸಲು ಯಾವ ಕಚೇರಿ, ಎಲ್ಲವನ್ನೂ ಯಾರೋ ಕೈಹಿಡಿದು ತೋರಿಸಬೇಕು. ಸೇವೆ ಮಾಡೋಕೆ ಹೋದವನಿಗೆ ಮೊದಲ ಎರಡು ಮೂರು ತಿಂಗಳು ಅಲ್ಲಿಯವರೇ ಸೇವೆ ಮಾಡುತ್ತಾರೆ. ಹೊರಡುವ ಹುಡುಗರಿಗೆ ಇದನ್ನು ಯಾರೂ ಹೇಳಿ ಕಳಿಸೋದಿಲ್ಲ.

ಹೇಳದಿದ್ದರೆ ಏನಾಗುತ್ತೆ? 1961ರಲ್ಲಿ ಒಂದು ಪೋಸ್ಟ್ ಕಾರ್ಡು ಅದನ್ನು ತೋರಿಸಿಕೊಟ್ಟಿತ್ತು.

ಆ ವರ್ಷ ಮಾರ್ಚಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ "ಪೀಸ್ ಕೋರ್" ಆರಂಭಿಸಿದರು. ಕಾಲೇಜು ಮುಗಿಸಿದ ಹುಡುಗರು ಎರಡು ವರ್ಷ ಬೇರೆ ದೇಶಕ್ಕೆ ಹೋಗಿ ಅಲ್ಲಿಯವರಂತೆ ಬದುಕಿ ದುಡಿಯೋದು. ನೈಜೀರಿಯಕ್ಕೆ ಹೋದ ಮೊದಲ ತಂಡದಲ್ಲಿ ಮಾರ್ಜರಿ ಮೈಕೆಲ್ಮೋರ್ ಎಂಬಾಕೆ ಇದ್ದಳು. ವಯಸ್ಸು 23. ಒಳ್ಳೇ ಕಾಲೇಜು, ಒಳ್ಳೇ ಮಾರ್ಕು. ಇಬಾದಾನ್ ವಿಶ್ವವಿದ್ಯಾಲಯದ ಆವರಣದಲ್ಲಿ ತರಬೇತಿ ನಡೆಯುತ್ತಿತ್ತು. ಬಂದು ಹೆಚ್ಚು ದಿನವಾಗಿರಲಿಲ್ಲ. ಅಕ್ಟೋಬರಿನ ಒಂದು ದಿನ ಊರಿನ ಗೆಳೆಯನಿಗೆ ಕಾರ್ಡು ಬರೆದಳು. ಇಲ್ಲಿಯ ಜನ ಬೀದಿಯಲ್ಲೇ ಬೇಯಿಸ್ತಾರೆ, ಬೀದಿಯಲ್ಲೇ ಮಾರ್ತಾರೆ, ಬಹಿರ್ದೆಸೆಯೂ ಬೀದಿಯಲ್ಲೇ, ಇಂಥ ಸ್ಥಿತಿ ಇರುತ್ತೆ ಅಂತ ಗೊತ್ತಿರಲಿಲ್ಲ ಎನ್ನುವ ಧಾಟಿ. ಬೈದು ಬರೆದದ್ದಲ್ಲ. ಮನೆ ಬಿಟ್ಟು ಬಂದವರು ಯಾರಾದರೂ ಬರೆಯುವಂಥದ್ದೇ.

ಕಾರ್ಡು ಅಂಚೆಪೆಟ್ಟಿಗೆಗೆ ತಲುಪಲಿಲ್ಲ. ದಾರಿಯಲ್ಲಿ ಬಿತ್ತು. ಒಬ್ಬ ನೈಜೀರಿಯನ್ ವಿದ್ಯಾರ್ಥಿಗೆ ಸಿಕ್ಕಿತು. ಪ್ರತಿಗಳು ಕೈಯಿಂದ ಕೈಗೆ ಹೋದವು. ನೈಜೀರಿಯಕ್ಕೆ ಸ್ವಾತಂತ್ರ್ಯ ಬಂದು ಆಗಿದ್ದದ್ದು ಒಂದು ವರ್ಷ. ಬಿಳಿಯರು ಹೋದರು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಬ್ಬ ಬಿಳಿಯಳು ಬಂದು ನಮ್ಮ ಬೀದಿ ನೋಡಿ ಮೂಗು ಮುಚ್ಚಿಕೊಂಡಳೇ? ವಿದ್ಯಾರ್ಥಿಗಳು ಸಭೆ ಸೇರಿದರು. ಪೀಸ್ ಕೋರ್ ದೇಶ ಬಿಟ್ಟು ಹೋಗಲಿ ಎಂದು ಕೂಗು ಎದ್ದಿತು. ಗೂಢಚಾರರು ಎಂದೂ ಅಂದರು. ಸುದ್ದಿ ಪ್ರಪಂಚದ ಪತ್ರಿಕೆಗಳಿಗೆಲ್ಲ ಹೋಯಿತು. ಮಾರ್ಜರಿ ಕ್ಷಮೆ ಕೇಳಿದಳು, ಊರಿಗೆ ವಾಪಸಾದಳು. ಕೆನಡಿ ಅವಳಿಗೆ ಸ್ವತಃ ಧೈರ್ಯದ ಚೀಟಿ ಬರೆದರು.

ಅವಳು ಬರೆದದ್ದು ಸುಳ್ಳಲ್ಲ, ನಿಜ. ನೈಜೀರಿಯದ ಹುಡುಗರಿಗೆ ಅದು ಗೊತ್ತಿರಲಿಲ್ಲವೇ? ದಿನಾ ಅದೇ ಬೀದಿಯಲ್ಲಿ ಓಡಾಡುವವರು ಅವರು. ನಮ್ಮ ಮನೆ ಸೋರುತ್ತೆ ಅಂತ ನಾವು ಹೇಳಬಹುದು, ನಿನ್ನೆ ಬಂದ ನೆಂಟ ಹೇಳಬಾರದು. ಅಷ್ಟೇ ಸಂಗತಿ. ಉಳಿದ ಸ್ವಯಂಸೇವಕರು ಮಾತ್ರ ಹೆದರಿ ಓಡಲಿಲ್ಲ. ತಿರಸ್ಕಾರ ತಡೆದುಕೊಂಡು ಅಲ್ಲೇ ಉಳಿದರು, ನಿಧಾನವಾಗಿ ಮಾತುಕತೆ ಬೆಳೆಯಿತು, ಆಮೇಲೆ ಅಲ್ಲಿಯ ಶಾಲೆಗಳಲ್ಲಿ ಪಾಠ ಹೇಳಿದರು.

ಅದೇ ಪೀಸ್ ಕೋರ್ ಭಾರತಕ್ಕೂ ಬಂತು. 1961ರ ಕೊನೆಗೆ ಮೊದಲ ತಂಡ ಪಂಜಾಬಿನಲ್ಲಿ ಇಳಿಯಿತು. ಒಪ್ಪಿಗೆ ಕೇಳಲು ಬಂದಿದ್ದ ಅದರ ಮುಖ್ಯಸ್ಥ ಶ್ರೈವರ್ ಅವರಿಗೆ ನೆಹರೂ ಹೇಳಿದ್ದು, ನಿಮ್ಮ ಹುಡುಗರು ಇಲ್ಲಿ ಬಂದು ಬಹಳ ಕಲಿತಾರು ಎಂಬರ್ಥದ ಮಾತು. ಕಲಿಸಿಯಾರು ಎನ್ನಲಿಲ್ಲ, ಗಮನಿಸಿ. ಆಮೇಲೆ ಅಂದಿನ ಮೈಸೂರು ರಾಜ್ಯದ ಹಳ್ಳಿಗಳಿಗೂ ಅವರು ಬಂದರು, ಕನ್ನಡ ಕಲಿತು ಬಂದರು. ಭಾರತದಲ್ಲಿ ಅವರು ಕೈಹಾಕಿದ ಮುಖ್ಯ ಕೆಲಸಗಳಲ್ಲಿ ಕೋಳಿ ಸಾಕಣೆ ಒಂದು. ಬಂದವರಲ್ಲಿ ಬಹಳ ಮಂದಿ ಬಿ.ಎ. ಪದವೀಧರರು. ಇತಿಹಾಸ, ಸಾಹಿತ್ಯ ಓದಿ, ಕೆಲವು ವಾರ ಕೋಳಿ ಪಾಠ ಕಲಿತು, ಹುಟ್ಟಿದಾಗಿನಿಂದ ಕೋಳಿ ನೋಡಿದ ರೈತನಿಗೆ ಹೇಳಿಕೊಡಬೇಕಿತ್ತು. ಆದರೂ ಗೂಡು ಕಟ್ಟಿದ್ದು, ತತ್ತಿ ಮಾರಿದ್ದು ಉಂಟು. ಸಿ.ಐ.ಎ. ಏಜೆಂಟರು ಎಂಬ ಗುಸುಗುಸು ಇಲ್ಲೂ ಬಿಡಲಿಲ್ಲ. 1971ರ ಯುದ್ಧದ ಹೊತ್ತಿಗೆ ಎರಡು ದೇಶಗಳ ಸಂಬಂಧ ಕೆಟ್ಟಿತು. 1976ಕ್ಕೆ ಕೊನೆಯವರೂ ಹೊರಟರು.

ಆ ಕಾಲದಲ್ಲಿ ಊರಿಂದ ಪತ್ರ ಬರಲು ವಾರಗಟ್ಟಲೆ. ಬೇಸರವಾದರೆ ಪಕ್ಕದ ಮನೆಯ ಜಗಲಿಗೇ ಹೋಗಿ ಕೂರಬೇಕು, ಅರ್ಧಂಬರ್ಧ ಕನ್ನಡದಲ್ಲೇ ಮಾತಾಡಬೇಕು. ಬೇರೆ ದಾರಿ ಇರಲಿಲ್ಲ. ಈಗ ಜರ್ಮನಿಯ ಕೋಣೆಯಲ್ಲಿ ಕೂತ ಹುಡುಗ ರಾತ್ರಿಯೆಲ್ಲ ಅಮ್ಮನ ಮುಖ ಫೋನಿನಲ್ಲಿ ನೋಡಬಹುದು. ಒಳ್ಳೇದೇ. ಆದರೆ ಹಾಗೆ ನೋಡುತ್ತಾ ಕೂತವನಿಗೆ ಪಕ್ಕದ ಕೋಣೆಯವನ ಹೆಸರು ಆರು ತಿಂಗಳಾದರೂ ಗೊತ್ತಾಗೋದಿಲ್ಲ. ಮಾರ್ಜರಿಯ ಕಾರ್ಡು ಕೈಜಾರಿ ಬಿದ್ದದ್ದು. ಈಗಿನವರು ಮುದುಕರ ಫೋಟೋ ಸಮೇತ ತಾವೇ ಊರಿಗೆಲ್ಲ ಹಂಚಿಬಿಡುತ್ತಾರೆ.

ಹೋಗಲೇಬೇಕು ಎನ್ನುವವರಿಗೆ ಎರಡು ಮಾತು. ಈ ಸೇವೆಗೆ ಲಕ್ಷಗಟ್ಟಲೆ ಕೇಳುವ ಏಜೆಂಟು ಸಿಕ್ಕಿದರೆ ಆ ಮೆಟ್ಟಿಲು ಇಳಿದು ಬನ್ನಿ. ಕೋಣೆ, ಊಟ, ವಿಮೆ, ಕೈಖರ್ಚು, ಕೆಲಸದ ಗಂಟೆ ಎಷ್ಟೆಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳದೆ ವೀಸಾಕ್ಕೆ ಓಡಬೇಡಿ. ಭಾಷೆಯ ಮೊದಲ ಪಾಠ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೇ ಸಿಗುತ್ತೆ. ನೀರಿಗೆ ಅಲ್ಲಿ ವಾಸ್ಸರ್ ಅಂತಾರೆ. ಅಜ್ಜಿ ಕೇಳಿದರೆ ಇಷ್ಟಾದರೂ ಹೇಳಬಹುದು.