ಇಟ್ಟ ಕಾಗದ ಇಟ್ಟಲ್ಲೇ ಸಿಗಲು: ಕಂಪ್ಯೂಟರಿನ ಕಡತದ ಕೋಣೆ



ನಮ್ಮ ವಾಚನಾಲಯದ ಮೂಲೆಯಲ್ಲಿ, ದಿನಪತ್ರಿಕೆಗಳ ಮೇಜಿನ ಪಕ್ಕಕ್ಕೆ, ಒಂದು ಕಂಪ್ಯೂಟರ್ ಇರುವುದು ತಮಗೆಲ್ಲ ತಿಳಿದೇ ಇದೆ. ಸಂಜೆ ಪಾಳಿ ಮುಗಿಸಿ ಬರುವ ಬಂಧುಗಳು ಅದರ ಮುಂದೆ ಸರದಿ ಕಾಯುವುದನ್ನು ನಾನು ದಿನಾಲು ನೋಡುತ್ತೇನೆ. ಒಬ್ಬರಿಗೆ ಮಗಳ ವಿದ್ಯಾರ್ಥಿವೇತನದ ಅರ್ಜಿ, ಇನ್ನೊಬ್ಬರಿಗೆ ಪ್ರಾವಿಡೆಂಟ್ ಫಂಡಿನ ಪಾಸ್‌ಬುಕ್ಕು, ಮತ್ತೊಬ್ಬರಿಗೆ ಊರಿನ ಹೊಲದ ಪಹಣಿ. ಕೆಲಸ ಯಾವುದೇ ಇರಲಿ, ಕಡೆಗೆ ಬರುವ ಪ್ರಶ್ನೆ ಒಂದೇ: "ಕಾಗದ ಇಳಿಸಿಕೊಂಡೆನಲ್ಲ, ಈಗ ಅದು ಹೋಯಿತೆಲ್ಲಿ?"

ಈ ಪ್ರಶ್ನೆಗೆ ಉತ್ತರ ಕೊಡುವ ಸಲಕರಣೆ ಕಂಪ್ಯೂಟರಿನಲ್ಲೇ ಇದೆ. ನಮ್ಮ ಯಂತ್ರದಲ್ಲಿರುವುದು ವಿಂಡೋಸ್. ಅದರಲ್ಲಿ ಈ ಸಲಕರಣೆಯ ಹೆಸರು ಫೈಲ್ ಎಕ್ಸ್‌ಪ್ಲೋರರ್. ನಾನು ಹತ್ತನೆಯ ಇಯತ್ತೆ ಪಾಸಾಗಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತನಾದವನು, ಕಂಪ್ಯೂಟರ್ ಶಾಸ್ತ್ರ ಓದಿದವನಲ್ಲ. ಆದರೂ ಪೆಟ್ಟು ತಿಂದು ಕಲಿತ ನಾಲ್ಕು ಮಾತು ಬಂಧುಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಆ ಪೆಟ್ಟಿನ ವಿಷಯ ಹೇಳಿಬಿಡುವೆ. ಕೆಲವು ವರ್ಷಗಳ ಹಿಂದೆ, ನಿವೃತ್ತರಾಗಲಿದ್ದ ನಾಲ್ವತ್ತಮೂರು ಮಂದಿ ಕೆಲಸಗಾರರ ಸೇವಾವಧಿಯ ಪಟ್ಟಿಯನ್ನು ನಾನು ತಯಾರಿಸಿದ್ದೆ. ಮನೆಯಲ್ಲಿ ಕೂತು ತಾಳೆ ನೋಡಲೆಂದು ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಹೋದೆ. ಕಚೇರಿಯ ಯಂತ್ರದಲ್ಲಿ ಪ್ರತಿಯನ್ನು ಉಳಿಸಿರಲಿಲ್ಲ. ಮರುದಿನ ಪೆನ್ ಡ್ರೈವಿನಲ್ಲಿ ಜಾಗ ಸಾಲದೆಂದು ಹಳೆಯ ಫೈಲುಗಳನ್ನು ಅಳಿಸುವಾಗ ಆ ಪಟ್ಟಿಯೂ ಜೊತೆಗೆ ಹೋಯಿತು. ಯಂತ್ರವೇನೋ "ಶಾಶ್ವತವಾಗಿ ಅಳಿಸಲೇ?" ಎಂದು ಕೇಳಿತ್ತು, ನಾನು ಓದದೆ ಹೌದು ಒತ್ತಿದ್ದೆ. ಕಸದ ಬುಟ್ಟಿಯಲ್ಲಿ ಇದ್ದೀತೆಂದು ಹುಡುಕಿದೆ, ಅಲ್ಲಿ ಇರಲಿಲ್ಲ. ಎರಡು ರಾತ್ರಿ ಹಾಜರಿ ಪುಸ್ತಕಗಳನ್ನು ಮುಂದಿಟ್ಟುಕೊಂಡು ಪಟ್ಟಿಯನ್ನು ಮೊದಲಿಂದ ಬರೆದೆ. ಒಂದು ವರ್ಷ ಆಚೀಚೆಯಾದರೂ ಒಬ್ಬರ ಗ್ರಾಚ್ಯುಯಿಟಿ ಕಡಿಮೆಯಾಗುತ್ತಿತ್ತು. ಆ ಭಯ ಇನ್ನೂ ಮರೆತಿಲ್ಲ. ಆದುದರಿಂದಲೇ ಮುಂದಿನ ಮಾತುಗಳನ್ನು ಸ್ವಲ್ಪ ಒತ್ತಿ ಹೇಳುತ್ತೇನೆ.

ಕಡತದ ಕೋಣೆ ಎಂದರೇನು?

ಗಿರಣಿಯ ಕಚೇರಿಯಲ್ಲಿ ಕಪಾಟು, ಕಪಾಟಿನಲ್ಲಿ ಖಾನೆ, ಖಾನೆಯಲ್ಲಿ ಕಟ್ಟು, ಕಟ್ಟಿನಲ್ಲಿ ಕಾಗದ ಇರುತ್ತವಷ್ಟೆ. ಕಂಪ್ಯೂಟರಿನಲ್ಲಿಯೂ ಹಾಗೆಯೇ. ಡ್ರೈವು ಎಂಬುದು ಕಪಾಟು, ಫೋಲ್ಡರು ಎಂಬುದು ಖಾನೆ, ಫೈಲು ಎಂಬುದು ಕಾಗದ. ಖಾನೆಯೊಳಗೆ ಮತ್ತೊಂದು ಖಾನೆ ಮಾಡಬಹುದು. ಕಾಗದವನ್ನೂ ಖಾನೆಯನ್ನೂ ಪರದೆಯ ಮೇಲೆ ಚಿತ್ರವಾಗಿ ತೋರಿಸುವ ಪದ್ಧತಿ ೧೯೮೧ರಲ್ಲಿ ಮಾರಾಟಕ್ಕೆ ಬಂದ ಜೆರಾಕ್ಸ್ ಕಂಪನಿಯ ಸ್ಟಾರ್ ಎಂಬ ಯಂತ್ರದಲ್ಲಿಯೇ ಇತ್ತು. ೧೯೯೦ರ ವಿಂಡೋಸ್ ೩.೦ರಲ್ಲಿ ಈ ಸಲಕರಣೆಗೆ ಫೈಲ್ ಮ್ಯಾನೇಜರ್ ಎಂಬ ಹೆಸರಿತ್ತು. ೧೯೯೫ರಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಬಂದಿತು. ೨೦೧೨ರ ವಿಂಡೋಸ್ ೮ರಿಂದ ಈಗಿನ ಹೆಸರು. ಆಪಲ್ ಯಂತ್ರಗಳಲ್ಲಿ ಇದೇ ಕೆಲಸಕ್ಕೆ ಫೈಂಡರ್ ಇದೆ. ಲಿನಕ್ಸಿನಲ್ಲಿ ಡಾಲ್ಫಿನ್, ನಾಟಿಲಸ್ ಮೊದಲಾದವು ಇವೆ. ಒಂದನ್ನು ಕಲಿತವನಿಗೆ ಉಳಿದವು ಕಷ್ಟವಲ್ಲ.

ತೆರೆಯುವುದು ಸುಲಭ. ಕೀಲಿಮಣೆಯ ಕೆಳಸಾಲಿನಲ್ಲಿ ಕಿಟಕಿಯ ಗುರುತಿನ ಕೀಲಿ ಇದೆ. ಅದನ್ನು ಹಿಡಿದು ಇ ಅಕ್ಷರ ಒತ್ತಿರಿ. ಎಡಗಡೆ ಖಾನೆಗಳ ಪಟ್ಟಿ, ಬಲಗಡೆ ಖಾನೆಯೊಳಗಿನ ಕಾಗದಗಳು ಕಾಣುತ್ತವೆ. ಅಂತರ್ಜಾಲದಿಂದ ಇಳಿಸಿಕೊಂಡದ್ದು ಸಾಮಾನ್ಯವಾಗಿ ಎಡಗಡೆಯ ಡೌನ್‌ಲೋಡ್ಸ್ ಎಂಬ ಖಾನೆಗೆ ಹೋಗಿ ಬೀಳುತ್ತದೆ. "ಹೋಯಿತೆಲ್ಲಿ?" ಎಂಬುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಇದೇ ಉತ್ತರ.

ಕಾಗದ ಹುಡುಕುವ ಬಗೆ

ಡೌನ್‌ಲೋಡ್ಸ್ ಖಾನೆಯಲ್ಲಿ ನೂರಾರು ಕಾಗದ ಇದ್ದರೆ ಏನು ಮಾಡುವುದು? ವ್ಯೂ ಎಂಬಲ್ಲಿ ಡೀಟೇಲ್ಸ್ ಆರಿಸಿದರೆ ಲೆಕ್ಕದ ಪುಸ್ತಕದಂತೆ ಸಾಲುಗಳು ಬರುತ್ತವೆ: ಹೆಸರು, ತಿದ್ದಿದ ದಿನಾಂಕ, ಜಾತಿ, ಗಾತ್ರ. ದಿನಾಂಕದ ತಲೆಬರಹವನ್ನು ಒತ್ತಿದರೆ ಕಾಗದಗಳು ದಿನಾಂಕದ ಪ್ರಕಾರ ನಿಲ್ಲುತ್ತವೆ. ಮತ್ತೊಮ್ಮೆ ಒತ್ತಿದರೆ ಕ್ರಮ ತಿರುಗುಮುರುಗಾಗುತ್ತದೆ. ಈಗ ತಾನೇ ಇಳಿಸಿದ ಕಾಗದ ಹೆಸರು ಮರೆತಿದ್ದರೂ ಮೇಲುಗಡೆಯೇ ಸಿಗುವುದು.

ಬಲ ಮೇಲ್ಮೂಲೆಯ ಶೋಧ ಪೆಟ್ಟಿಗೆಯಲ್ಲಿ ಹೆಸರಿನ ಒಂದು ಭಾಗ ಬರೆದರೂ ಸಾಕು. ಆದರೆ ಅದು ತಾವು ನಿಂತಿರುವ ಖಾನೆಯಲ್ಲಿ ಮತ್ತು ಅದರ ಒಳಖಾನೆಗಳಲ್ಲಿ ಮಾತ್ರ ಹುಡುಕುತ್ತದೆ ಎಂಬುದನ್ನು ಮರೆಯಬಾರದು. ಸಿಗದಿದ್ದರೆ ಮೇಲಿನ ಖಾನೆಗೆ ಹೋಗಿ ಮತ್ತೆ ಹುಡುಕಿರಿ. ಆಲ್ಟ್ ಕೀಲಿಯೊಡನೆ ಮೇಲ್ಬಾಣ ಒತ್ತಿದರೆ ಮೇಲಿನ ಖಾನೆ. ಆಲ್ಟ್‌ನೊಡನೆ ಎಡಬಾಣ ಒತ್ತಿದರೆ ಬಂದ ದಾರಿಗೆ ಹಿಂದಕ್ಕೆ.

ಡೀಟೇಲ್ಸ್‌ನಲ್ಲಿ ಕಾಣುವ ಗಾತ್ರವೂ ನಮಗೆ ಬೇಕಾದದ್ದೇ. ಅರ್ಜಿಗಳಲ್ಲಿ ಭಾವಚಿತ್ರ ಇಷ್ಟೇ ಕೆಬಿ ಇರಬೇಕೆಂಬ ಮಿತಿ ಉಂಟು. ಕಳಿಸುವ ಮುಂಚೆಯೇ ಗಾತ್ರ ನೋಡಿಕೊಂಡರೆ ಅರ್ಜಿ ತಿರಸ್ಕಾರವಾದ ಮೇಲೆ ಪೇಚಾಡುವುದು ತಪ್ಪುತ್ತದೆ.

ಹೆಸರಿಡುವ ಕ್ರಮ

ಇಳಿಸಿದ ಕಾಗದಕ್ಕೆ ಅರ್ಥವಿಲ್ಲದ ಉದ್ದನೆಯ ಹೆಸರು ಇರುವುದುಂಟು. ಅದನ್ನು ಆರಿಸಿ ಎಫ್ ೨ ಕೀಲಿ ಒತ್ತಿ ಹೊಸ ಹೆಸರು ಬರೆಯಿರಿ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಮೊದಲು ದಿನಾಂಕ ಹಾಕಿ, ಆಮೇಲೆ ವಿಷಯ ಬರೆಯುವುದು ಒಳ್ಳೆಯದು: "೨೦೨೫-೦೬-೧೨ ಅಂಕಪಟ್ಟಿ" ಎಂಬಂತೆ. ಹೀಗೆ ಮಾಡಿದರೆ ಹೆಸರಿನ ಪ್ರಕಾರ ನಿಲ್ಲಿಸಿದಾಗ ತಾನಾಗಿಯೇ ಕಾಲಕ್ರಮ ಬರುತ್ತದೆ. ದಿನಾಂಕದ ನಡುವೆ ಓರೆಗೆರೆ ಹಾಕಿದರೆ ಯಂತ್ರ ಒಪ್ಪುವುದಿಲ್ಲ. ಎರಡು ಬಗೆಯ ಓರೆಗೆರೆ, ಕೋಲನ್, ನಕ್ಷತ್ರ, ಪ್ರಶ್ನಾರ್ಥಕ, ಎರಡೆಳೆಯ ಉದ್ಧರಣ ಚಿಹ್ನೆ, ದೊಡ್ಡದು ಚಿಕ್ಕದು ಎಂಬ ಎರಡು ಕೋನಗಳು, ನೆಟ್ಟಗೆರೆ, ಹೀಗೆ ಒಂಬತ್ತು ಗುರುತುಗಳು ವಿಂಡೋಸಿನಲ್ಲಿ ನಿಷಿದ್ಧ. ಕನ್ನಡ ಅಕ್ಷರಗಳಿಗೆ ನಿಷೇಧವಿಲ್ಲ; ಧಾರಾಳವಾಗಿ ಕನ್ನಡದಲ್ಲೇ ಹೆಸರಿಡಿರಿ.

ಹೊಸ ಖಾನೆ ಬೇಕಾದರೆ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿರಿ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಖಾನೆ, ಪ್ರಾವಿಡೆಂಟ್ ಫಂಡಿಗೆ ಒಂದು, ಊರಿನ ಜಮೀನಿಗೆ ಒಂದು, ಇಷ್ಟಿದ್ದರೆ ಸಾಮಾನ್ಯ ಸಂಸಾರಕ್ಕೆ ಸಾಕು.

ನಕಲು, ಸ್ಥಳಾಂತರ, ಅಳಿಸುವಿಕೆ

ಬಂಧುಗಳು ವಿಶೇಷವಾಗಿ ಲಕ್ಷ್ಯ ಕೊಡಬೇಕಾದ ಭಾಗ ಇದು. ಕಂಟ್ರೋಲ್ ಮತ್ತು ಸಿ ಒತ್ತಿದರೆ ನಕಲು; ಮೂಲ ಕಾಗದ ಇದ್ದಲ್ಲೇ ಇರುತ್ತದೆ. ಕಂಟ್ರೋಲ್ ಮತ್ತು ಎಕ್ಸ್ ಒತ್ತಿದರೆ ಸ್ಥಳಾಂತರ. ಕಾಗದ ಹೊಸ ಜಾಗಕ್ಕೆ ಹೋಗುತ್ತದೆ, ಹಳೆಯ ಜಾಗದಲ್ಲಿ ಉಳಿಯುವುದಿಲ್ಲ. ಎರಡಕ್ಕೂ ಬೇಕಾದ ಖಾನೆಗೆ ಹೋಗಿ ಕಂಟ್ರೋಲ್ ಮತ್ತು ವಿ ಒತ್ತಿದ ಮೇಲೆಯೇ ಕೆಲಸ ಪೂರ್ತಿ. ಹಲವು ಕಾಗದ ಬೇಕಾದರೆ ಕಂಟ್ರೋಲ್ ಹಿಡಿದು ಒಂದೊಂದನ್ನೇ ಒತ್ತಿರಿ. ಸಾಲಾಗಿ ಬೇಕಾದರೆ ಮೊದಲನೆಯದನ್ನು ಒತ್ತಿ, ಶಿಫ್ಟ್ ಹಿಡಿದು ಕೊನೆಯದನ್ನು ಒತ್ತಿರಿ.

ಇಲಿಯಿಂದ ಎಳೆದು ಹಾಕುವವರಿಗೆ ಒಂದು ಸೂಕ್ಷ್ಮವಿದೆ. ಒಂದೇ ಡ್ರೈವಿನೊಳಗೆ ಎಳೆದರೆ ಕಾಗದ ಸ್ಥಳಾಂತರವಾಗುತ್ತದೆ. ಯಂತ್ರದಿಂದ ಪೆನ್ ಡ್ರೈವಿಗೆ, ಅಂದರೆ ಬೇರೆ ಡ್ರೈವಿಗೆ ಎಳೆದರೆ ನಕಲಾಗುತ್ತದೆ. ಸಂದೇಹವಿದ್ದರೆ ಇಲಿಯ ಬಲಗುಂಡಿ ಹಿಡಿದು ಎಳೆಯಿರಿ. ಬಿಟ್ಟ ಕೂಡಲೆ ನಕಲೋ ಸ್ಥಳಾಂತರವೋ ಎಂದು ಯಂತ್ರವೇ ಕೇಳುವುದು. ತಪ್ಪಾಯಿತೆಂದು ಆಗಲೇ ತಿಳಿದರೆ ಕಂಟ್ರೋಲ್ ಮತ್ತು ಜೆಡ್ ಒತ್ತಿದರೆ ಸಾಮಾನ್ಯವಾಗಿ ಹಿಂದಿನ ಸ್ಥಿತಿ ಬರುತ್ತದೆ.

ಯಂತ್ರದೊಳಗಿನ ಕಾಗದವನ್ನು ಡಿಲೀಟ್ ಕೀಲಿಯಿಂದ ಅಳಿಸಿದರೆ ಅದು ರೀಸೈಕಲ್ ಬಿನ್ ಎಂಬ ಬುಟ್ಟಿಗೆ ಹೋಗುತ್ತದೆ. ಬುಟ್ಟಿ ತೆರೆದು ರೆಸ್ಟೋರ್ ಎಂದರೆ ಮೊದಲಿದ್ದ ಖಾನೆಗೇ ಮರಳುತ್ತದೆ. ಪೆನ್ ಡ್ರೈವಿನಿಂದಲೋ, ಕಚೇರಿಯ ಜಾಲದ ಮೂಲಕ ತೆರೆದ ಬೇರೆ ಯಂತ್ರದ ಖಾನೆಯಿಂದಲೋ ಅಳಿಸಿದರೆ ಈ ಬುಟ್ಟಿಗೆ ಬೀಳುವುದಿಲ್ಲ, ಹಾಗೆಯೇ ಹೋಗಿಬಿಡುತ್ತದೆ. ನನಗಾದದ್ದು ಇದೇ. ಆದುದರಿಂದ "ಶಾಶ್ವತವಾಗಿ" ಎಂಬ ಅರ್ಥದ ಪ್ರಶ್ನೆ ಪರದೆಯ ಮೇಲೆ ಬಂದರೆ ಕೈ ತೆಗೆದು, ಹೆಸರನ್ನು ಪೂರ್ತಿ ಓದಿ, ಬೇರೆ ಕಡೆ ಪ್ರತಿ ಇದೆಯೇ ಎಂದು ನೋಡಿ, ಆಮೇಲೆ ಉತ್ತರ ಕೊಡಿರಿ. ಮುಖ್ಯವಾದ ಕಾಗದ ಯಾವಾಗಲೂ ಎರಡು ಕಡೆ ಇರಲಿ. ಪೆನ್ ಡ್ರೈವು ಕಾಗದ ಒಯ್ಯುವ ಚೀಲವೇ ಹೊರತು ತಿಜೋರಿಯಲ್ಲ. ತೆಗೆಯುವಾಗ ಇಜೆಕ್ಟ್ ಎಂದು ಒತ್ತಿ, ಅಪ್ಪಣೆ ಸಿಕ್ಕ ಮೇಲೆ ತೆಗೆಯಿರಿ. ಬರೆಯುತ್ತಿರುವಾಗಲೇ ಕಿತ್ತರೆ ಫೈಲು ಕೆಡುವ ಸಂಭವ ಉಂಟು.

ಇನ್ನೆರಡು ಎಚ್ಚರಿಕೆ

ಜಿಪ್ ಎಂಬ ಕಟ್ಟು ಬಂದರೆ, ಅದರ ಒಳಗಿರುವಾಗಲೇ ಅರ್ಜಿಯನ್ನು ತೆರೆದು ತುಂಬಬೇಡಿರಿ. ತುಂಬಿದ್ದು ಕಟ್ಟಿನೊಳಗೆ ಉಳಿಯುವುದಿಲ್ಲ. ಮೊದಲು ಬಲಗುಂಡಿ ಒತ್ತಿ ಎಕ್ಸ್‌ಟ್ರಾಕ್ಟ್ ಆಲ್ ಎಂದು ಕಟ್ಟು ಬಿಚ್ಚಿರಿ.

ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆಯ ಆಚೆಗೆ ಬರುವ ಅಕ್ಷರಗಳು ಅದರ ಜಾತಿಯನ್ನು ಹೇಳುತ್ತವೆ. ಪಿಡಿಎಫ್ ಎಂದರೆ ಓದುವ ಕಾಗದ, ಜೆಪಿಜಿ ಎಂದರೆ ಚಿತ್ರ, ಇಎಕ್ಸ್‌ಇ ಎಂದರೆ ಕೆಲಸ ನಡೆಸುವ ಪ್ರೋಗ್ರಾಮು. ವಿಂಡೋಸ್ ಈ ಬಾಲವನ್ನು ಸಾಮಾನ್ಯವಾಗಿ ಮುಚ್ಚಿಡುತ್ತದೆ. ಅದರಿಂದ ಮೋಸಗಾರರು "ಬಿಲ್ ಪಿಡಿಎಫ್" ಎಂದು ಕಾಣುವ ಹೆಸರಿನ ಹಿಂದೆ ಪ್ರೋಗ್ರಾಮನ್ನು ಅಡಗಿಸಿ ಕಳಿಸುವುದುಂಟು. ವ್ಯೂ ಎಂಬಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಬಾಲ ಪೂರ್ತಿ ಕಾಣುತ್ತದೆ. ನಮ್ಮ ವಾಚನಾಲಯದ ಯಂತ್ರದಲ್ಲಿ ಈ ಗುರುತು ಹಾಕಿಟ್ಟಿದ್ದೇನೆ, ದಯವಿಟ್ಟು ತೆಗೆಯಬಾರದು.

ಕೊನೆಯದಾಗಿ ಒಂದು ಬೇಡಿಕೆ. ಇದು ಎಲ್ಲರೂ ಕೂಡುವ ಯಂತ್ರ. ಕಳೆದ ವಾರ ಡೌನ್‌ಲೋಡ್ಸ್ ಖಾನೆಯಲ್ಲಿ ಹನ್ನೊಂದು ಮಂದಿಯ ಆಧಾರ್ ಕಾರ್ಡು, ಇಬ್ಬರ ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ ಬಿದ್ದಿದ್ದವು. ನಾನೇ ಅಳಿಸಿದೆ. ಯಾರಾದರೂ ದುರುಪಯೋಗ ಮಾಡಿದ್ದರೆ ಕಷ್ಟಪಟ್ಟು ಗಳಿಸಿದ ಹಣಕ್ಕೇ ಕುತ್ತು ಬರಬಹುದಾಗಿತ್ತು. ತಮ್ಮ ಕೆಲಸ ಮುಗಿದ ಮೇಲೆ ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಅದು ಅಲ್ಲಿ ತೆರೆಯುವುದೇ ಎಂದು ನೋಡಿ, ಆಮೇಲೆ ಇಲ್ಲಿಯದನ್ನು ಆರಿಸಿ ಶಿಫ್ಟ್ ಮತ್ತು ಡಿಲೀಟ್ ಒತ್ತಿರಿ. ಹಾಗೆ ಮಾಡಿದರೆ ಬುಟ್ಟಿಯಲ್ಲಿಯೂ ಉಳಿಯುವುದಿಲ್ಲ. ಈ ಒಂದು ಸಲ ಮಾತ್ರ "ಶಾಶ್ವತವಾಗಿ" ಎಂಬ ಪ್ರಶ್ನೆಗೆ, ಹೆಸರು ಓದಿ, ಹೌದು ಎನ್ನಬೇಕು.

ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಯಂತ್ರದ ಬಳಿಯಲ್ಲೇ ಇರುತ್ತೇನೆ. ಇದನ್ನೆಲ್ಲ ಓದಿ ತಲೆಗೆ ಹತ್ತದಿದ್ದರೆ ಸಂಕೋಚ ಬೇಡ. ಒಂದು ಬೇಡವಾದ ಫೈಲನ್ನು ಇಟ್ಟುಕೊಂಡು ನಕಲು ಮಾಡುವುದು, ಹೆಸರು ಬದಲಿಸುವುದು, ಅಳಿಸಿ ಮರಳಿ ತರುವುದು ಇವನ್ನು ನಾಲ್ಕು ಸಲ ಕೈಯಿಂದ ಮಾಡಿ ನೋಡಿದರೆ ಸಾಕು. ಮಕ್ಕಳನ್ನೂ ಕರೆತನ್ನಿರಿ, ಅವರು ನಮಗಿಂತ ಬೇಗ ಕಲಿಯುತ್ತಾರೆ, ಆಮೇಲೆ ನಮಗೇ ಕಲಿಸುತ್ತಾರೆ.