ಕಡಲಿನ ಮಟ್ಟಕ್ಕೊಂದು ಕಾವಲು

ಮೂಡುಬಿದಿರೆಯಿಂದ ಘಟ್ಟದ ಕಡೆಗೆ ಹೊರಟವರಿಗೆ ಸಿಗುವ ನಾರಾವಿಯಲ್ಲಿ ಕಡಲಿನ ಮಾತೆತ್ತಿದರೆ ಕೇಳಿದವರು ನಕ್ಕಾರು. ಅಡಕೆಯ ತೋಟ, ಸೂರ್ಯನಾರಾಯಣ ದೇವಸ್ಥಾನ, ಅದರಾಚೆಗೆ ಕಾಡು. ಅಲೆಯ ಸದ್ದು ಅಲ್ಲಿಗೆ ಮುಟ್ಟದು. ಆದರೂ ಸರ್ವೆ ಇಲಾಖೆಯ ನಕ್ಷೆಯಲ್ಲಿ ಆ ಸೀಮೆಯ ಗುಡ್ಡಗಳಿಗೆ ಕೊಟ್ಟಿರುವ ಎತ್ತರದ ಅಂಕಿಗಳೆಲ್ಲ ಕಡಲಿನಿಂದಲೇ ಎಣಿಸಿದವು. ‘ಸಮುದ್ರಮಟ್ಟದಿಂದ ಇಷ್ಟು’ ಎಂದು ಸಲೀಸಾಗಿ ಹೇಳುತ್ತೇವಷ್ಟೆ. ದಿನಕ್ಕೆರಡು ಸಲ ಏರಿ ಇಳಿಯುವ ನೀರಿಗೆ ಮಟ್ಟವೆಂಬುದೊಂದು ಎಲ್ಲಿಯದು?

೧೯೦೯ರಲ್ಲಿ ಈ ದೇಶದ ಎತ್ತರಗಳ ಲೆಕ್ಕವನ್ನು ಒಂದು ಕ್ರಮಕ್ಕೆ ತಂದಾಗ ಒಂಬತ್ತು ಬಂದರುಗಳ ಸರಾಸರಿ ಸಮುದ್ರಮಟ್ಟವನ್ನು ಸೊನ್ನೆಯೆಂದು ಹಿಡಿದರು. ಕರಾಚಿ, ಮುಂಬಯಿ, ಕೊಚ್ಚಿ, ಮದರಾಸುಗಳ ಸಾಲಿನಲ್ಲಿ ಕಾರವಾರಕ್ಕೂ ಸ್ಥಾನ ದೊರೆಯಿತು.

ಅಂದಿನ ಉಬ್ಬರಮಾಪಕ ಸರಳವಾದ ಯಂತ್ರ. ದಕ್ಕೆಯ ಅಂಚಿನಲ್ಲಿ ಬಾವಿಯಂತಹ ಒಂದು ಕೊಳವೆ. ಅದರ ಬುಡದಲ್ಲಿ ಸಣ್ಣ ತೂತು. ಹೊರಗೆ ಅಲೆ ಎಷ್ಟೇ ಕುಣಿದರೂ ಒಳಗಿನ ನೀರು ನಿಧಾನವಾಗಿ ಏರುವುದು, ನಿಧಾನವಾಗಿ ಇಳಿಯುವುದು. ನೀರಿನ ಮೇಲೊಂದು ಬೆಂಡು, ಬೆಂಡಿಗೆ ತಂತಿ, ತಂತಿಯ ಚಲನೆಗೆ ತಕ್ಕಂತೆ ಸರಿಯುವ ಪೆನ್ಸಿಲು, ಗಡಿಯಾರದ ಬಲದಿಂದ ತಿರುಗುವ ಉರುಳೆಯ ಮೇಲೆ ಕಾಗದ. ಹಗಲಿರುಳೂ ಕಡಲು ತನ್ನ ದಿನಚರಿಯನ್ನು ತಾನೇ ಬರೆಯುತ್ತಿತ್ತು! ಆದರೆ ತೂತಿಗೆ ಹೂಳು ತುಂಬಿ ಚಿಪ್ಪುಹುಳು ಮೆತ್ತಿಕೊಂಡರೆ, ಗಡಿಯಾರ ನಾಲ್ಕು ನಿಮಿಷ ಹಿಂದೆ ಬಿದ್ದರೆ, ಬರೆದದ್ದು ಸುಳ್ಳಾಗುತ್ತಿತ್ತು. ಅಳೆಯಬೇಕಾದದ್ದಾದರೂ ಎಷ್ಟು? ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಉನ್ನಿಕೃಷ್ಣನ್ ಮತ್ತು ಶಂಕರ್ ಎಂಬ ವಿಜ್ಞಾನಿಗಳು ೨೦೦೭ರಲ್ಲಿ ಹಳೆಯ ದಾಖಲೆಗಳನ್ನೆಲ್ಲ ಜಾಲಿಸಿ ನೋಡಿ, ಉತ್ತರ ಹಿಂದೂ ಮಹಾಸಾಗರದ ತೀರಗಳಲ್ಲಿ ಕಡಲು ವರ್ಷಕ್ಕೆ ಸರಾಸರಿ ೧.೨೯ ಮಿಲಿಮೀಟರಿನಂತೆ ಏರಿದೆಯೆಂದು ತಿಳಿಸಿದರು. ಪ್ರಪಂಚದ ಒಟ್ಟು ಸರಾಸರಿಯಾದರೋ ೨೦೦೬ರಿಂದ ೨೦೧೮ರ ಅವಧಿಯಲ್ಲಿ ವರ್ಷಕ್ಕೆ ೩.೭ ಮಿಲಿಮೀಟರಿಗೆ ಏರಿತ್ತು. ಇಷ್ಟು ಸಣ್ಣ ಅಂಕಿಯನ್ನು ಹಿಡಿಯುವ ಕೆಲಸಕ್ಕೆ ಹೂಳು ಕಟ್ಟುವ ತೂತು ಸಾಲದು.

ಇದಕ್ಕಿಂತ ದೊಡ್ಡ ಕೊರತೆ ೨೦೦೪ರ ಡಿಸೆಂಬರ್ ೨೬ರಂದು ಬಯಲಾಯಿತು. ಸುನಾಮಿಯ ಅಲೆಗಳನ್ನು ಭಾರತದ ಮಾಪಕಗಳು ದಾಖಲಿಸಿಕೊಂಡವು. ಆದರೆ ಆ ಗಳಿಗೆಯಲ್ಲಿ ಯಾರಿಗೂ ಸುದ್ದಿ ಮುಟ್ಟಿಸಲಿಲ್ಲ. ೨೦೦೭ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆಯ ಕೇಂದ್ರ ತೆರೆದ ಮೇಲೆ, ಉಪಗ್ರಹದ ಮೂಲಕ ಆಗಿಂದಾಗ್ಗೆ ವರದಿ ಕಳುಹಿಸುವ ಮಾಪಕಗಳು ತೀರದುದ್ದಕ್ಕೂ ಬಂದವು.

ಹೊಸ ಬಗೆಯ ರಾಡಾರು ಮಾಪಕ ನೀರನ್ನು ಮುಟ್ಟುವುದೇ ಇಲ್ಲ. ದಕ್ಕೆಯಿಂದ ಹೊರಚಾಚಿದ ಕೋಲಿನ ತುದಿಯಲ್ಲಿ ಕುಳಿತು ಕೆಳಗೆ ರೇಡಿಯೋ ಅಲೆಯನ್ನು ಬಿಡುತ್ತದೆ. ಅದು ನೀರಿಗೆ ಬಡಿದು ಮರಳಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಗೋವೆಯ ಸಂಸ್ಥೆ ಇಂಥದೊಂದನ್ನು ಕಾರವಾರದಲ್ಲಿಯೂ ನಿಲ್ಲಿಸಿತು. ೨೦೦೯ರ ನವೆಂಬರಿನಲ್ಲಿ ಫ್ಯಾನ್ ಚಂಡಮಾರುತ ಪಶ್ಚಿಮ ತೀರದುದ್ದಕ್ಕೂ ಹಾದುಹೋದಾಗ ನೀರು ವಾಡಿಕೆಯ ಉಬ್ಬರವನ್ನು ಮೀರಿ ಉಕ್ಕಿದ್ದು ಅದರಲ್ಲಿ ದಾಖಲಾಯಿತು.

ಮಂಗಳೂರಿನವರಿಗೆ ಒಂದು ಸಂಗತಿ ವಿಚಿತ್ರವೆನಿಸೀತು. ಮಳೆಗಾಲದಲ್ಲಿ ಕಡಲು ಮನೆಯಂಗಳಕ್ಕೆ ನುಗ್ಗುವಂತೆ ಕಂಡರೂ ಅಲೆಗಳನ್ನು ಕಳೆದು ನೋಡಿದರೆ ಈ ಕರಾವಳಿಯ ಸರಾಸರಿ ಮಟ್ಟ ಅತಿ ತಗ್ಗಿರುವುದು ಮಳೆಗಾಲದ ಕೊನೆಯ ತಿಂಗಳುಗಳಲ್ಲೇ. ಏರುವುದು ಡಿಸೆಂಬರಿನ ಸುಮಾರಿಗೆ. ಗಾಳಿ ಮತ್ತು ಪ್ರವಾಹಗಳ ಈ ಆಟದಲ್ಲಿ ನೀರು ಸುಮಾರು ಗೇಣಿನಷ್ಟು ಮೇಲೆ ಕೆಳಗೆ ಆಗುತ್ತದೆ. ವರ್ಷಕ್ಕೆ ಮಿಲಿಮೀಟರಿನ ಏರಿಕೆಯನ್ನು ಈ ಗೇಣಿನೊಳಗಿಂದ ಹೆಕ್ಕಿ ತೆಗೆಯಬೇಕು. ಉಳ್ಳಾಲದಂತಹ ಕಡಲ್ಕೊರೆತದ ಊರುಗಳಲ್ಲಿ ತಡೆಗೋಡೆಯ ಎತ್ತರವನ್ನು ನಿಶ್ಚಯಿಸುವವರು ಕಣ್ಣಳತೆಯನ್ನು ನಂಬುವಂತಿಲ್ಲ.

ತೊಡಕು ಇನ್ನೊಂದುಂಟು. ಕಡಲು ಏರಿತೋ, ದಕ್ಕೆ ನಿಂತ ನೆಲವೇ ಕುಸಿಯಿತೋ ಎಂಬುದನ್ನು ಮಾಪಕವೊಂದೇ ಹೇಳಲಾರದು. ಅದಕ್ಕಾಗಿಯೇ ಅದರ ಬಳಿ ನೆಲದ ಅಲುಗಾಟವನ್ನು ಉಪಗ್ರಹಗಳಿಂದ ಅಳೆಯುವ ಸಾಧನವನ್ನೂ ಇಡುವುದುಂಟು. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವ ಮುನ್ನ ಎರಡನ್ನೂ ಕೆಲಕಾಲ ಜೊತೆಯಾಗಿ ನಡೆಸುತ್ತಾರೆ. ಇಲ್ಲವಾದರೆ ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಬೆಸುಗೆ ಕೂಡದು. ಚಂದ್ರನ ಪಥದ ಓಲಾಟ ಒಂದು ಸುತ್ತು ಮುಗಿಯಲು ೧೮.೬ ವರ್ಷ ಬೇಕಾದುದರಿಂದ, ಇಂದು ನಿಲ್ಲಿಸಿದ ಮಾಪಕದಿಂದ ಪೂರ್ಣವಾದ ಸರಾಸರಿ ದೊರೆಯುವ ವೇಳೆಗೆ ಇಂದು ತೊಟ್ಟಿಲಲ್ಲಿರುವ ಮಗು ಕಾಲೇಜಿನ ಮೆಟ್ಟಿಲು ಹತ್ತಿರುತ್ತದೆ.