ಏಜೆಂಟರು ಬದಲಾದರೆ ವಿಮೆಯೂ ಬದಲಾಗಬೇಕೆ?

ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ಹೋಗಿ ಅಲ್ಲಿಯೇ ನೆಲೆಸಿದ ತಂದೆ-ತಾಯಿಯರು ನಮ್ಮ ಊರುಗಳಲ್ಲಿ ಈಗ ಅಪರೂಪವಲ್ಲ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ರಕ್ತದೊತ್ತಡ ನೋಡಿಸಿಕೊಳ್ಳಲು ಬರುವ ಇಂಥವರು ಒಂದು ಪ್ರಶ್ನೆಯನ್ನೂ ತರುವುದುಂಟು: ‘ನಮ್ಮ ಮೆಡಿಕೇರ್ ಏಜೆಂಟರು ನಿವೃತ್ತರಾದರಂತೆ. ಹೊಸಬರು ಫೋನ್ ಮಾಡಿ ಪ್ಲಾನ್ ಬದಲಾಯಿಸಿ ಎನ್ನುತ್ತಿದ್ದಾರೆ. ಏನು ಮಾಡುವುದು ಡಾಕ್ಟ್ರೇ?’

ಇದು ಬರೀ ಹಣದ ವಿಷಯವಲ್ಲ. ಯಾವ ವೈದ್ಯರನ್ನು ನೋಡಬಹುದು, ಯಾವ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ ಎಂಬುದು ಅಲ್ಲಿ ವಿಮೆಯ ಮೇಲೆಯೇ ನಿಂತಿದೆ. ಆದ್ದರಿಂದ ಈ ಬಗ್ಗೆ ನಾಲ್ಕು ಮಾತು.

ಮೆಡಿಕೇರ್ ಎಂದರೇನು?

ಮುಖ್ಯವಾಗಿ ೬೫ ವರ್ಷ ತುಂಬಿದವರಿಗಾಗಿ ಅಮೆರಿಕ ಸರ್ಕಾರ ೧೯೬೫ರಲ್ಲಿ ಕಾನೂನು ಮಾಡಿ ತಂದ ಆರೋಗ್ಯ ವಿಮೆ ಇದು. ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಸತತವಾಗಿ ಅಲ್ಲಿ ವಾಸಿಸಿದ ಹಿರಿಯರೂ ಕಂತು ಕಟ್ಟಿ ಇದಕ್ಕೆ ಸೇರಬಹುದು. ‘ಎ’ ಭಾಗ ಆಸ್ಪತ್ರೆಯ ವೆಚ್ಚಕ್ಕೆ, ‘ಬಿ’ ಭಾಗ ವೈದ್ಯರ ಶುಲ್ಕ ಮತ್ತು ಹೊರರೋಗಿ ಚಿಕಿತ್ಸೆಗೆ, ‘ಡಿ’ ಭಾಗ ಔಷಧಿಗಳಿಗೆ.

‘ಬಿ’ ಭಾಗದಲ್ಲಿ ಸಾಮಾನ್ಯವಾಗಿ ಶೇಕಡ ೨೦ರಷ್ಟು ವೆಚ್ಚವನ್ನು ರೋಗಿಯೇ ಭರಿಸಬೇಕು. ಈ ಹೊರೆ ತಗ್ಗಿಸಲು ಖಾಸಗಿ ಕಂಪನಿಗಳಿಂದ ‘ಮೆಡಿಗ್ಯಾಪ್’ ಎಂಬ ಪೂರಕ ಪಾಲಿಸಿ ಕೊಳ್ಳಬಹುದು. ಇಲ್ಲವೇ, ಎಲ್ಲವನ್ನೂ ಖಾಸಗಿ ಕಂಪನಿಯ ಮೂಲಕವೇ ಪಡೆಯುವ ‘ಮೆಡಿಕೇರ್ ಅಡ್ವಾಂಟೇಜ್’ ಪ್ಲಾನ್ ಸೇರಬಹುದು. ಅಡ್ವಾಂಟೇಜ್‌ನಲ್ಲಿ ಕಂತು ಕಡಿಮೆ. ಆದರೆ ಸಾಮಾನ್ಯವಾಗಿ ಕಂಪನಿಯ ಪಟ್ಟಿಯಲ್ಲಿರುವ ವೈದ್ಯರನ್ನೇ ನೋಡಬೇಕು, ಕೆಲವು ಚಿಕಿತ್ಸೆಗಳಿಗೆ ಮೊದಲೇ ಅನುಮತಿ ಬೇಕು.

ಹೊಸ ಏಜೆಂಟರು ಏಕೆ ಬರುತ್ತಾರೆ?

ನಮ್ಮ ಎಲ್‌ಐಸಿ ಏಜೆಂಟರಂತೆ ಇವರಿಗೂ ಕಮಿಷನ್ ಕೊಡುವುದು ಕಂಪನಿ, ಗ್ರಾಹಕರಲ್ಲ. ೨೦೨೫ರಲ್ಲಿ ಅಡ್ವಾಂಟೇಜ್ ಪ್ಲಾನ್‌ಗಳಿಗೆ ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಮೊದಲ ವರ್ಷದ ಕಮಿಷನ್ನಿನ ಗರಿಷ್ಠ ಮಿತಿ ೬೨೬ ಡಾಲರ್, ಮುಂದಿನ ವರ್ಷಗಳಿಗೆ ಅದರ ಅರ್ಧ, ಅಂದರೆ ೩೧೩ ಡಾಲರ್ ಇತ್ತು. ಗ್ರಾಹಕರು ಉಳಿದಷ್ಟು ಕಾಲ ಆದಾಯವೂ ಉಳಿಯುತ್ತದೆ. ಹಾಗಾಗಿ ವಯಸ್ಸಾದ ಏಜೆಂಟರು ತಮ್ಮ ಗ್ರಾಹಕರನ್ನು ಇನ್ನೊಬ್ಬರಿಗೆ ಬೆಲೆಗೆ ವಹಿಸಿಕೊಡುವುದು ಅಲ್ಲಿ ರೂಢಿ. ಏಜೆಂಟರು ತೀರಿಕೊಂಡಾಗ, ಕೆಲಸ ಬಿಟ್ಟಾಗಲೂ ಗ್ರಾಹಕರು ಬೇರೆಯವರ ಕೈಗೆ ಹೋಗುತ್ತಾರೆ.

ಇದರಲ್ಲಿ ತಪ್ಪೇನಿಲ್ಲ. ಏಜೆಂಟರು ಬದಲಾದ ಮಾತ್ರಕ್ಕೆ ನಿಮ್ಮ ಪಾಲಿಸಿ, ಕಾರ್ಡ್, ಕಂತು ಯಾವುದೂ ಬದಲಾಗುವುದಿಲ್ಲ. ಹೊಸದಾಗಿ ಸೇರುವ ಅಗತ್ಯವೂ ಇಲ್ಲ.

ಎಚ್ಚರ ಬೇಕಾದದ್ದು ಎಲ್ಲಿ?

ಹಳೆಯ ಗ್ರಾಹಕರು ಕೈಗೆ ಬಂದರೂ ಅವರ ಕಮಿಷನ್ ಯಾವಾಗಲೂ ಜೊತೆಗೆ ಬರುವುದಿಲ್ಲ. ಗ್ರಾಹಕರು ತಮ್ಮ ಮೂಲಕ ಹೊಸ ಪ್ಲಾನ್ ಸೇರಿದರೆ ಮಾತ್ರ ಕೆಲವರಿಗೆ ಹಣ. ಅದರಲ್ಲೂ ಮೆಡಿಗ್ಯಾಪ್ ಬಿಡಿಸಿ ಅಡ್ವಾಂಟೇಜ್‌ಗೆ ಸೇರಿಸಿದರೆ ಮೊದಲ ವರ್ಷದ ಪೂರ್ತಿ ಕಮಿಷನ್ ಸಿಗಬಹುದು. ಎಲ್ಲ ಏಜೆಂಟರೂ ಇದಕ್ಕಾಗಿಯೇ ಸಲಹೆ ಕೊಡುತ್ತಾರೆ ಎಂದಲ್ಲ. ಔಷಧಿಗಳ ಪಟ್ಟಿ ವರ್ಷವರ್ಷ ಬದಲಾಗುವುದರಿಂದ ಒಳ್ಳೆಯ ಏಜೆಂಟರ ಮರುಪರಿಶೀಲನೆ ಉಪಯುಕ್ತವೇ. ಆದರೆ ಹೊಸ ವೈದ್ಯರು ಹಳೆಯ ಚೀಟಿ ಓದದೆ ಔಷಧಿ ಬದಲಾಯಿಸಿದರೆ ನೀವು ಒಪ್ಪುತ್ತೀರಾ? ಇಲ್ಲಿಯೂ ಹಾಗೆಯೇ.

ಮೆಡಿಗ್ಯಾಪ್ ಬಿಡುವ ಮುನ್ನ ಎರಡು ಸಲ ಯೋಚಿಸಿ. ೬೫ ತುಂಬಿ ‘ಬಿ’ ಭಾಗ ಆರಂಭವಾದ ಮೊದಲ ಆರು ತಿಂಗಳಲ್ಲಿ ಯಾವ ಕಾಯಿಲೆ ಇದ್ದರೂ ಕಂಪನಿ ಈ ಪಾಲಿಸಿ ಕೊಡಲೇಬೇಕು. ಆಮೇಲೆ ಬಹುತೇಕ ರಾಜ್ಯಗಳಲ್ಲಿ ಆರೋಗ್ಯ ವಿಚಾರಿಸಿ ನಿರಾಕರಿಸಬಹುದು. ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರಿಗೆ ಬಿಟ್ಟ ಪಾಲಿಸಿ ಮತ್ತೆ ಸಿಗುವುದು ಕಷ್ಟ. ಮೊದಲ ಸಲ ಅಡ್ವಾಂಟೇಜ್ ಸೇರಿದವರಿಗೆ ಮಾತ್ರ, ಹಳೆಯ ಕಂಪನಿ ಆ ಪಾಲಿಸಿಯನ್ನು ಇನ್ನೂ ಮಾರುತ್ತಿದ್ದರೆ, ಒಂದು ವರ್ಷದೊಳಗೆ ಹಿಂದಿರುಗುವ ಅವಕಾಶವಿದೆ.

ಊರಿಗೆ ಬಂದುಹೋಗುವವರಿಗೆ ಇನ್ನೊಂದು ಮಾತು. ಭಾರತದಲ್ಲಿ ಪಡೆದ ಚಿಕಿತ್ಸೆಗೆ ಮೂಲ ಮೆಡಿಕೇರ್ ಹಣ ಕೊಡುವುದಿಲ್ಲ. ಕೆಲವು ಮೆಡಿಗ್ಯಾಪ್ ಪಾಲಿಸಿಗಳು ಪ್ರವಾಸದ ಮೊದಲ ೬೦ ದಿನಗಳಲ್ಲಿ ಆರಂಭವಾದ ತುರ್ತು ಚಿಕಿತ್ಸೆಗೆ, ಮೊದಲ ೨೫೦ ಡಾಲರ್ ಕಳೆದು, ಉಳಿದದ್ದರಲ್ಲಿ ಶೇಕಡ ೮೦ರಷ್ಟು ಕೊಡುತ್ತವೆ. ಜೀವಮಾನದ ಮಿತಿ ೫೦,೦೦೦ ಡಾಲರ್. ಅಡ್ವಾಂಟೇಜ್ ಪ್ಲಾನ್ ಇದ್ದವರು ಆರು ತಿಂಗಳಿಗಿಂತ ಹೆಚ್ಚು ಕಾಲ ಅದರ ಪ್ರದೇಶದ ಹೊರಗೆ ಇದ್ದರೆ ಸಾಮಾನ್ಯವಾಗಿ ಹೆಸರನ್ನೇ ತೆಗೆದುಹಾಕುತ್ತಾರೆ. ಮೈಸೂರಿನಲ್ಲೋ ಧಾರವಾಡದಲ್ಲೋ ಅರ್ಧ ವರ್ಷ ಕಳೆಯುವವರು ಇದನ್ನು ಏಜೆಂಟರಿಗೆ ಮೊದಲೇ ಹೇಳಬೇಕು.

ಏನು ಮಾಡಬೇಕು?

೧. ಫೋನ್ ಮಾಡಿದವರು ನಿಜವಾಗಿಯೂ ಹಳೆಯ ಏಜೆಂಟರ ಸ್ಥಾನಕ್ಕೆ ಬಂದವರೇ ಎಂದು ವಿಮಾ ಕಂಪನಿಯನ್ನು ಕೇಳಿ. ಗುರುತಿಲ್ಲದವರಿಗೆ ಮೆಡಿಕೇರ್ ಸಂಖ್ಯೆ ಕೊಡಬೇಡಿ. ಕರೆಯದೆ ಮನೆ ಬಾಗಿಲಿಗೆ ಬಂದು ಪ್ಲಾನ್ ಮಾರುವುದು ಅಲ್ಲಿ ನಿಯಮಬಾಹಿರ.

೨. ಮಾತ್ರೆಗಳ ಪಟ್ಟಿ ಮಾಡಿಕೊಳ್ಳಿ. ಇಲ್ಲಿನ ಕಂಪನಿ ಹೆಸರು ಅಲ್ಲಿ ನಡೆಯದು. ಗ್ಲೈಕೋಮೆಟ್ ಎನ್ನದೆ ಮೆಟ್‌ಫಾರ್ಮಿನ್ ಎಂದು ಬರೆಯಿರಿ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸೆಟಾಮಿನೋಫೆನ್. ಎಷ್ಟು ಮಿಲಿಗ್ರಾಂ, ದಿನಕ್ಕೆಷ್ಟು ಸಲ ಎಂಬುದೂ ಇರಲಿ.

೩. ಈಗ ನೋಡುತ್ತಿರುವ ಪ್ರತಿಯೊಬ್ಬ ವೈದ್ಯರ ಹೆಸರು ಹೇಳಿ, ಅವರು ಹೊಸ ಪ್ಲಾನಿನ ಪಟ್ಟಿಯಲ್ಲಿ ಇದ್ದಾರೆಯೇ ಎಂದು ವಿಚಾರಿಸಿ. ಆಮೇಲೆ ಆ ವೈದ್ಯರ ಕಚೇರಿಯಲ್ಲೂ ಕೇಳಿ.

೪. ‘ಏನೂ ಮಾಡದೆ ಇದ್ದರೆ ಏನಾಗುತ್ತದೆ?’ ಎಂದು ಕೇಳಿ. ಉತ್ತರ ತೃಪ್ತಿಕರವಾಗಿ ಬರುವವರೆಗೆ ಸಹಿ ಹಾಕಬೇಡಿ.

೫. ಅರ್ಥವಾಗದ ಇಂಗ್ಲಿಷಿಗೆ ಸಂಕೋಚದಿಂದ ‘ಯೆಸ್, ಯೆಸ್’ ಎನ್ನಬೇಡಿ. ಫೋನಿನಲ್ಲಿ ಧ್ವನಿಮುದ್ರಣವಾದ ಒಪ್ಪಿಗೆಯಿಂದಲೂ ಪ್ಲಾನ್ ಬದಲಾಗಬಹುದು. ‘ಮಗಳು ಇರುವಾಗ ಮಾತಾಡಿ’ ಎಂದು ಹೇಳಿ ಫೋನ್ ಇಟ್ಟುಬಿಡಿ.

ಪ್ಲಾನ್ ಬದಲಾಯಿಸುವ ಕಾಲ ಪ್ರತಿವರ್ಷ ಅಕ್ಟೋಬರ್ ೧೫ರಿಂದ ಡಿಸೆಂಬರ್ ೭. ಅಡ್ವಾಂಟೇಜ್‌ನಲ್ಲಿರುವವರಿಗೆ ಜನವರಿಯಿಂದ ಮಾರ್ಚ್ ಕೊನೆಯವರೆಗೆ ಇನ್ನೊಂದು ಅವಕಾಶವಿದೆ. ಅನೇಕ ಹಿರಿಯರು ಊರಿನಲ್ಲಿರುವುದು ಇದೇ ತಿಂಗಳುಗಳಲ್ಲಿ. ಅಲ್ಲಿಗೆ ಬರುವ ಪತ್ರಗಳನ್ನು ಮಕ್ಕಳು ತೆರೆದು ಓದಬೇಕು. ಸಂಶಯವಿದ್ದರೆ ಪ್ರತಿ ರಾಜ್ಯದಲ್ಲೂ ‘ಶಿಪ್’ ಎಂಬ ಸಲಹಾ ಸೇವೆ ಇದೆ. ಅವರು ಪಾಲಿಸಿ ಮಾರುವುದಿಲ್ಲ, ಸಲಹೆ ಉಚಿತ. ಮೆಡಿಕೇರ್‌ನ ಉಚಿತ ದೂರವಾಣಿ ೧-೮೦೦-೬೩೩-೪೨೨೭.

ಅಪ್ಪ-ಅಮ್ಮನ ಮಾತ್ರೆ ಡಬ್ಬಿಯನ್ನು ವಾರಕ್ಕೊಮ್ಮೆ ತುಂಬಿಸಿಡುವ ಮಕ್ಕಳು, ವರ್ಷಕ್ಕೊಮ್ಮೆ ಅವರ ವಿಮೆಯ ಕಾಗದಗಳನ್ನೂ ಜೊತೆಯಲ್ಲಿ ಕುಳಿತು ನೋಡಲಿ.